ಕಾಲಿಗೆ ತಿಳಿದದ್ದು

ಮಕ್ಕಳ ಗ್ರಾಮಸಭೆಯಲ್ಲಿ ಮಕ್ಕಳು ಕೇಳುವ ಪ್ರಶ್ನೆಗಳನ್ನು ಬರೆದುಕೊಡುತ್ತಿದ್ದವಳು ನಾನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಧೈರ್ಯ ಸಾಲದೆ ಹೋಗಬಹುದು. ವರ್ಷಕ್ಕೊಮ್ಮೆ ಪಂಚಾಯಿತಿಯವರು ಶಾಮಿಯಾನ ಹಾಕಿಸಿ, ಮಕ್ಕಳನ್ನು ಕೂರಿಸಿ, ನಿಮ್ಮ ಕಷ್ಟ ಏನಿದ್ದರೂ ಕೇಳಿ ಅನ್ನುತ್ತಾರೆ. ಮಕ್ಕಳು ಎದ್ದು ನಿಂತು ಕೇಳುತ್ತಾರೆ. ಏನು ಕೇಳಬೇಕೆಂಬುದನ್ನು ಹಿಂದಿನ ದಿನವೇ ಚೀಟಿಯಲ್ಲಿ ಬರೆದು, ಬಾಯಿಪಾಠ ಮಾಡಿಸುತ್ತಿದ್ದೆ. ಕಾಂಪೌಂಡ್ ಯಾವಾಗ ಕಟ್ಟಿಸುತ್ತೀರಿ, ನೀರಿನ ಟ್ಯಾಂಕ್ ಯಾವಾಗ ತೊಳೆಸುತ್ತೀರಿ, ಇಂಥವು. ಉತ್ತರ ಸಿದ್ಧವಾಗಿಯೇ ಇರುವ ಪ್ರಶ್ನೆಗಳು. ಅವರಿಗೂ ಮುಜುಗರವಿಲ್ಲ, ನನಗೂ ತಲೆನೋವಿಲ್ಲ.

ನನ್ನ ಮನೆ ಚಾಮರಾಜನಗರದಲ್ಲಿ. ಶಾಲೆ ಇದ್ದದ್ದು ತೆರಕಣಾಂಬಿಯಿಂದ ಸ್ವಲ್ಪ ಒಳಗಿನ ಒಂದು ಹಳ್ಳಿಯಲ್ಲಿ. ದಿನಾ ಗುಂಡ್ಲುಪೇಟೆ ಬಸ್ಸು ಹತ್ತಿ, ತೆರಕಣಾಂಬಿಯಲ್ಲಿ ಇಳಿದು, ಆಟೋ ಸಿಕ್ಕರೆ ಆಟೋ, ಇಲ್ಲದಿದ್ದರೆ ಯಾರದಾದರೂ ಸ್ಕೂಟರಿನ ಹಿಂದೆ. ಇಷ್ಟು ಒದ್ದಾಡಿ ಬರುವ ನಾನೇ ಸರಿಯಾದ ಹೊತ್ತಿಗೆ ಬರುತ್ತೇನೆ, ತಡವಾಗಿ ಬರಲು ಈ ಮಕ್ಕಳಿಗೇನು ಧಾಡಿ ಅನ್ನುವ ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು. ಜೊತೆಗೆ ಒಂದು ಹೆಮ್ಮೆಯೂ ಇತ್ತು. ಮಕ್ಕಳಲ್ಲಿ ನಾಯಕತ್ವ ಬೆಳೆಸುವ ಟೀಚರ್ ಎಂದು ನಾಲ್ಕು ಜನ ನನ್ನನ್ನು ಕರೆಯುತ್ತಿದ್ದರು. ನಾನೂ ಅದನ್ನು ನಂಬಿದ್ದೆ.

ಆ ವರ್ಷ ಶಾಲಾ ಸಂಸತ್ತಿನ ಚುನಾವಣೆಯಲ್ಲಿ ಏಳನೇ ಕ್ಲಾಸಿನ ಒಬ್ಬ ಹುಡುಗಿ ಮುಖ್ಯಮಂತ್ರಿಯಾದಳು. ಸಣಕಲಿ, ಮಾತು ಕಡಿಮೆ. ಆದರೆ ಅವಳು ನಡೆದರೆ ಚಿಕ್ಕ ಮಕ್ಕಳೆಲ್ಲ ಹೇಳದೆಯೇ ಹಿಂದೆ ನಡೆಯುತ್ತಿದ್ದವು. ಊರಾಚೆ ಹೊಲದಲ್ಲೇ ಮನೆ ಕಟ್ಟಿಕೊಂಡಿದ್ದ ಕೆಲವು ಕುಟುಂಬಗಳಲ್ಲಿ ಅವಳದೂ ಒಂದು. ಅಲ್ಲಿಂದ ಆರು ಮಕ್ಕಳು ಅವಳ ಜೊತೆ ಬರುತ್ತಿದ್ದವು. ದಾರಿಯಲ್ಲಿ ಕೆಲಸ ನಿಂತುಹೋದ ಒಂದು ಕರಿಕಲ್ಲಿನ ಕ್ವಾರಿ ಇತ್ತು. ಆಳದ ಗುಂಡಿ, ಅರ್ಧ ನೀರು, ಅದರ ಅಂಚಿನಲ್ಲೇ ಕಾಲುದಾರಿ. ಆ ದಾರಿಯಲ್ಲಿ ಬಂದರೆ ಕಾಲು ಗಂಟೆ. ಟಾರ್ ರಸ್ತೆ ಸುತ್ತಿಕೊಂಡು ಬಂದರೆ ಮುಕ್ಕಾಲು ಗಂಟೆ.

ಗ್ರಾಮಸಭೆಯ ಹಿಂದಿನ ದಿನ ನಾನು ಚೀಟಿ ಕೊಟ್ಟಾಗ ಅವಳು ಅದನ್ನು ಓದಿ, ಮಡಿಚಿ, ಅಲ್ಲೇ ನಿಂತಳು.

"ಮಿಸ್, ನಾನು ಕ್ವಾರಿ ದಾರಿ ವಿಚಾರ ಕೇಳ್ಲಾ? ಆ ಅಂಚು ಕುಸೀತದ ಅನ್ನಿಸ್ತದ ಮಿಸ್."

"ಬಿರುಕು ಬಿಟ್ಟಿದೆಯಾ?"

"ಇಲ್ಲ ಮಿಸ್."

"ಕಲ್ಲು ಉರುಳಿದೆಯಾ?"

"ಇಲ್ಲ."

"ಮತ್ತೆ ನಿನಗೆ ಹೇಗೆ ಗೊತ್ತು?"

ಅವಳು ಸ್ವಲ್ಪ ಯೋಚಿಸಿ ಹೇಳಿದಳು. "ನಡೀವಾಗ ಕಾಲ್ಗೆ ಗೊತ್ತಾಯ್ತದ ಮಿಸ್. ಮೊದ್ಲಂಗಿಲ್ಲ."

ನಾನು ನಕ್ಕೆ. ಕ್ಲಾಸಿನ ಕಡೆ ತಿರುಗಿ, "ನೋಡ್ರಪ್ಪಾ, ನಮ್ಮ ಮುಖ್ಯಮಂತ್ರಿಗೆ ಕಾಲಿಗೆ ಗೊತ್ತಾಗುತ್ತಂತೆ. ತಲೇನ ಬರೀ ಬಾಚ್ಕೊಳ್ಳೋಕೆ ಇಟ್ಕೊಂಡಿದ್ದಾಳೆ" ಎಂದೆ. ಮಕ್ಕಳೆಲ್ಲ ಗೊಳ್ಳೆಂದು ನಕ್ಕವು. ನಗಿಸಿದೆನೆಂದು ನನಗೆ ಖುಷಿಯೂ ಆಯಿತು. ಅವಳು ಮಾತ್ರ ಕಾಲಿನ ಹೆಬ್ಬೆರಳು ನೋಡುತ್ತಾ ನಿಂತಿದ್ದಳು. ಮರುದಿನ ಸಭೆಯಲ್ಲಿ ಕಾಂಪೌಂಡಿನ ಬಗ್ಗೆ ಗಂಟೆ ಹೊಡೆದ ಹಾಗೆ ಕೇಳಿದಳು. ಎಲ್ಲರೂ ಚಪ್ಪಾಳೆ ತಟ್ಟಿದರು. ಎಷ್ಟು ಚೆನ್ನಾಗಿ ತಯಾರು ಮಾಡಿದ್ದೀರಿ ಮೇಡಂ ಎಂದು ಪಂಚಾಯಿತಿಯವರೊಬ್ಬರು ನನ್ನನ್ನು ಹೊಗಳಿದರು.

ಅದಾದ ಮೇಲೆ ಆ ಏಳು ಮಕ್ಕಳು ದಿನಾ ತಡವಾಗಿ ಬರತೊಡಗಿದವು. ಪ್ರಾರ್ಥನೆ ಮುಗಿದು, ಹಾಜರಿ ಮುಗಿದ ಮೇಲೆ, ಬೆವರು ಸುರಿಸಿಕೊಂಡು. ಕೇಳಿದರೆ, "ಸುತ್ತಾಕಂಡು ಬಂದೊ ಮಿಸ್" ಅಂದಳು. ಏಕೆಂದು ನನಗೆ ಗೊತ್ತಿತ್ತು. ಗೊತ್ತಿಲ್ಲದೆ ಮಾಡಿದೆ ಎಂದು ಬರೆಯುವುದು ಸುಲಭ, ಆದರೆ ಅದು ಸುಳ್ಳಾಗುತ್ತದೆ. ನನ್ನ ಮಾತಿಗೆ ಎದುರಾಡದೆ, ಸುಮ್ಮನೆ ತನ್ನ ದಾರಿ ತಾನು ಹಿಡಿದಿದ್ದಾಳೆ ಎಂಬುದೇ ನನಗೆ ಉರಿ. ಒಂದು ವಾರ ಅವಳನ್ನು ಬಾಗಿಲ ಹೊರಗೆ ನಿಲ್ಲಿಸಿದೆ. ಆಗಲೂ ಅವಳು ದಾರಿ ಬದಲಿಸದಿದ್ದಾಗ, ಆರು ಮಕ್ಕಳ ಎದುರಿಗೇ, "ನಾಯಕಿ ಆದವಳು ಹೀಗೆ ಅನ್ನಿಸ್ತು ಹಾಗೆ ಅನ್ನಿಸ್ತು ಅಂತ ಕುಣಿಯೋದಲ್ಲ. ನಿನ್ನಿಂದ ಇವರ ಪಾಠವೂ ಹಾಳು. ಇನ್ನೊಂದು ದಿನ ತಡವಾದರೆ ಮುಖ್ಯಮಂತ್ರಿ ಪಟ್ಟ ಬೇರೆಯವರಿಗೆ" ಎಂದೆ. ಅವಳು ಆ ಆರು ಮಕ್ಕಳ ಕಡೆ ಒಮ್ಮೆ ನೋಡಿದಳು. ಅಳಲಿಲ್ಲ.

ಮರುದಿನ ನಾನು ಶಾಲೆಗೆ ಹೋಗಲಿಲ್ಲ. ಗುಂಡ್ಲುಪೇಟೆಯಲ್ಲಿ ಶಿಕ್ಷಕರ ತರಬೇತಿ ಇತ್ತು. ಮಕ್ಕಳಲ್ಲಿ ನಾಯಕತ್ವ ಬೆಳೆಸುವುದು ಹೇಗೆ ಎಂದು ಅರ್ಧ ಗಂಟೆ ಮಾತಾಡಿದವಳು ನಾನೇ. ಮಕ್ಕಳ ಒಳದನಿಗೆ ಕಿವಿಗೊಡಬೇಕು ಎಂದು ಬೋರ್ಡಿನ ಮೇಲೆ ದೊಡ್ಡದಾಗಿ ಬರೆದೆ. ಕೆಳಗೆ ಎರಡು ಗೆರೆಯನ್ನೂ ಎಳೆದೆ. ಈಗ ನೆನೆದರೆ ನನ್ನ ಕೈಗೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಆ ರಾತ್ರಿ ಜೋರು ಮಳೆ. ಬೆಳಿಗ್ಗೆ ಶಾಲೆಗೆ ಬಂದಾಗ ಊರೆಲ್ಲ ಕ್ವಾರಿ ಹತ್ತಿರ ನೆರೆದಿತ್ತು. ನಾನೂ ಹೋದೆ. ಅಂಚು ಕುಸಿದು, ಕಾಲುದಾರಿ ಒಂದು ಬಸ್ಸಿನುದ್ದಕ್ಕೆ ಮಾಯವಾಗಿತ್ತು. ಕೆಳಗೆ ಕೆಂಪು ನೀರು. ಆ ದಾರಿಯಲ್ಲಿ ನಾನು ಅಲ್ಲಿಯವರೆಗೆ ಒಮ್ಮೆಯೂ ನಡೆದಿರಲಿಲ್ಲ. ಮಕ್ಕಳು ಎಲ್ಲಿ ಎಂದು ಕಂಡಕಂಡವರನ್ನು ಕೇಳುತ್ತಾ ಶಾಲೆಗೆ ವಾಪಸ್ ಓಡಿದೆ. ಏಳು ಮಕ್ಕಳೂ ಟಾರ್ ರಸ್ತೆಯಲ್ಲಿ ಸುತ್ತಿಕೊಂಡು ಬಂದು, ಶಾಲೆಯ ಮುಂದೆ ನಿಂತಿದ್ದವು.

ಹುಡುಗಿಯ ತಾಯಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. "ನೀವು ಕಲ್ಸಿದ ಬುದ್ಧಿ ಕಣ್ರವ್ವಾ. ನಮ್ಮುಡ್ಗಿ ತಿಂಗ್ಳಿಂದ ಸುತ್ತಾಕಂಡೇ ಕರ್ಕಬತ್ತಾ ಇದ್ಲು. ಇಲ್ದಿದ್ರ ಏನ್ ಗತಿ!" ಎಂದಳು.

ಅಲ್ಲ ತಾಯಿ, ನಾನು ಅವಳನ್ನು ಅದಕ್ಕೇ ಹೊರಗೆ ನಿಲ್ಲಿಸಿದ್ದೆ ಎಂದು ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಗಣರಾಜ್ಯೋತ್ಸವದ ದಿನ ಧ್ವಜಕಂಬದ ಮುಂದೆ ನನಗೆ ಶಾಲು ಹೊದಿಸಿದರು, ಚೆಂಡುಹೂವಿನ ಹಾರ ಹಾಕಿದರು. ಆಗಲೂ ಹೇಳಲಿಲ್ಲ. ಅವಳಿಗೆ ಒಂದು ಜಾಮಿಟ್ರಿ ಬಾಕ್ಸ್ ಕೊಟ್ಟರು. ತಗ್ಗಿಸಿದ ತಲೆ ಎತ್ತದೆ ತೆಗೆದುಕೊಂಡು ಹೋಗಿ ಕೂತಳು. ನನ್ನನ್ನು ನೋಡಲು ಅವಳಿಗೆ ಅಸಹ್ಯವಿರಬೇಕು ಅಂದುಕೊಂಡೆ. ಆ ಶಿಕ್ಷೆ ನನಗೆ ಸರಿಯಾದದ್ದೇ ಎಂದು ಸುಮ್ಮನಾದೆ. ಆಮೇಲೆ ವರ್ಗ ಮಾಡಿಸಿಕೊಂಡು ಬೇರೆ ಶಾಲೆಗೆ ಹೋದೆ. ಮನೆಗೆ ಹತ್ತಿರ ಎಂದು ಕಾರಣ ಹೇಳಿದೆ.

ಹೋದ ವರ್ಷ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಅವಳೇ ಓಡಿಬಂದು ಮಾತಾಡಿಸಿದಳು. ಇಲ್ಲೇ ಹಾಸ್ಟೆಲಿನಲ್ಲಿದ್ದು ಪಿಯುಸಿ ಓದುತ್ತಿದ್ದಾಳಂತೆ. ಕಬ್ಬಿನ ಹಾಲು ಕೊಡಿಸಿ, ಅಷ್ಟು ವರ್ಷ ನುಂಗಿಕೊಂಡಿದ್ದನ್ನು ಕಕ್ಕಿದೆ. ನನ್ನಿಂದ ತಪ್ಪಾಯಿತು, ನಿನ್ನ ಹೆಸರಿಗೆ ಬರಬೇಕಾದ್ದನ್ನು ನಾನು ಹೊದ್ದುಕೊಂಡೆ, ಆ ಮಕ್ಕಳನ್ನು ಉಳಿಸಿದವಳು ನೀನು ಎಂದೆ.

ಅವಳ ಮುಖ ಸಪ್ಪಗಾಯಿತು. ಸುತ್ತ ನೋಡಿ, ದನಿ ತಗ್ಗಿಸಿದಳು.

"ಇಲ್ಲ ಮಿಸ್, ನಾನು ಉಳ್ಸಿಲ್ಲ. ನೀವು ಬೈದ್ರಲ್ಲ, ಅದ್ರ ಮಾರ್ನೆ ದಿನ ಎಲ್ಲಾರ್ನೂವಿ ಕ್ವಾರಿ ದಾರೀಲೇ ಕರ್ಕಂಡೋದೆ. ಸಂಜ ಬರೋವಾಗ್ಲೂ ಅದ್ರಲ್ಲೇ ಬಂದೊ. ನಾಳೀಕೂ ಇದೇ ದಾರಿ ಅಂತ ಮಕ್ಳಿಗೆ ಯೋಳ್ಬುಟ್ಟಿದ್ದೆ. ರಾತ್ರ ಮಳ ಬಂದು ಬಿದ್ದೋಯ್ತು, ಅಷ್ಟೇಯ."

ನಿಮ್ಮವ್ವ ಹಾಗೆ ಹೇಳಲಿಲ್ಲವಲ್ಲ ಎಂದೆ.

"ಮಕ್ಳಿಗೂ ಯಾರ್ಗೂ ಯೋಳ್ಬ್ಯಾಡಿ ಅಂತ ಆಣೆ ಆಕ್ಸಿದ್ದೆ ಮಿಸ್. ಎಲ್ಲಾರೂ ಒಗಳ್ತಿದ್ರ ನಂಗ ನಾಚ್ಕ ಆಯ್ತಿತ್ತು. ಇವತ್ತೂ ಆಯ್ತದ."

ಅವತ್ತು ತಲೆ ತಗ್ಗಿಸಿ ಕೂತಿದ್ದು ಅದಕ್ಕೆ. ಹನ್ನೆರಡು ವರ್ಷದ ಮಗು ನನ್ನ ನಾಚಿಕೆಯನ್ನು ತನ್ನದೆಂದು ಹೊತ್ತುಕೊಂಡು, ಹೈಸ್ಕೂಲು ದಾಟಿ ಕಾಲೇಜಿಗೆ ಬಂದಿತ್ತು. ಗ್ಲಾಸು ಕೆಳಗಿಟ್ಟು, "ಅದು ನಿಂದಲ್ಲ ಕಣಮ್ಮಿ, ನಂದು" ಅನ್ನುವಷ್ಟರಲ್ಲಿ ನನಗೆ ಅಳು ಬಂತು. ಬಸ್ ಸ್ಟ್ಯಾಂಡಿನ ಜನ ತಿರುಗಿ ನೋಡಿದರು.

ಅವಳಿಗೆ ಗಾಬರಿ. ನನ್ನ ತೋಳು ಸವರಿ, ಸಮಾಧಾನ ಮಾಡಲೆಂದೇ ಹೇಳಿದಳು. "ಬುಡಿ ಮಿಸ್, ನೀವೇನ್ ಮಾಡೀರಿ. ನಾನೇ ಅವತ್ತು ನಿಮ್ ಮಾತ ಕೇಳ್ಬಾರ್ದಾಗಿತ್ತು."

"ಹೌದು ಕಣಮ್ಮಿ, ಕೇಳಬಾರದಾಗಿತ್ತು" ಎಂದೆ.