ನನ್ನ ಎಡಗೈ, ಮಂಜುಳನ ಸಾಲು

ಮೊದಲು ತಪ್ಪಿದ್ದು ಸಾಲು.

ಹುಲ್ಲಹಳ್ಳಿಯಲ್ಲಿ ಪಕ್ಕದವರ ಗದ್ದೆಗೆ ಮುಯ್ಯಾಳಾಗಿ ನಾಟಿಗೆ ಹೋಗಿದ್ದೆವು. ಅವತ್ತು ಅವರದ್ದು, ಹತ್ತು ದಿನ ಬಿಟ್ಟು ನಮ್ಮದು. ಹಗ್ಗದ ಗುಂಟ ನೆಟ್ಟರೂ ನನ್ನ ಸಾಲು ಡೊಂಕಾಯಿತು. ಹಗ್ಗದ ತುದಿ ಹಿಡಿದಿದ್ದವಳು ನನ್ನ ವಾರಗಿತ್ತಿ ಮಂಜುಳ. "ನೆಟ್ಟಗೆ ಇಡಿಯೇ, ಬೇಕಂತ್ಲೇ ಎಳೀತೀಯಾ?" ಎಂದು ಎಲ್ಲರೆದುರು ರೇಗಿದೆ. ಅವಳಿಗೆ ವಯಸ್ಸು ಚಿಕ್ಕದು, ಕೈ ಚುರುಕು. ಅವಳನ್ನು ಕಂಡರೆ ನನಗೆ ಮೊದಲಿನಿಂದಲೂ ಹೊಟ್ಟೆಯುರಿ.

ಆಗಲೇ ಎಡಗೈಯಲ್ಲಿದ್ದ ಪೈರಿನ ಕಟ್ಟು ಜಾರಿ ಕೆಸರಿಗೆ ಬಿತ್ತು. ಎತ್ತಿಕೊಂಡೆ. ಮತ್ತೆ ಬಿತ್ತು.

ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿ, ಮೆದುಳಿನಲ್ಲಿ ಟ್ಯೂಮರ್ ಇದೆ ಎಂದರು.

ಅದು ಬೇಗ ಬೆಳೆಯುವ ಬಗೆಯೋ, ನಿಧಾನದ್ದೋ ತಿಳಿಯಲು ಇನ್ನೊಂದು ಎಂಆರ್‌ಐ ಬೇಕಿತ್ತು. ಶುಗರ್‌ನಿಂದ ನನ್ನ ಕಿಡ್ನಿ ವೀಕು.

"ನಿಮಗೆ ಕಾಂಟ್ರಾಸ್ಟ್ ಇಂಜೆಕ್ಷನ್ ಬೇಡಮ್ಮ," ಎಂದರು ಡಾಕ್ಟರು. "ಅದಿಲ್ದೇನೇ ಪರ್ಫ್ಯೂಷನ್ ನೋಡ್ತೀವಿ. ಕುತ್ತಿಗೆ ಹತ್ರ ಹೋಗೋ ನಿಮ್ಮ ರಕ್ತಕ್ಕೇ ಮೆಷಿನ್ನು ಗುರುತು ಹಾಕುತ್ತೆ. ಗಡ್ಡೆಗೆ ಎಷ್ಟು ರಕ್ತ ಹೋಗ್ತಿದೆ ಅಂತ ಕಾಣುತ್ತೆ."

"ಗಡ್ಡೆ ಜಾಸ್ತಿ ರಕ್ತ ಕುಡೀತಿದ್ರೆ?" ಎಂದೆ.

"ಬೇಗ ಬೆಳೆಯೋದು ಇರಬಹುದು. ಅಲ್ಲಾಡದೆ ಮಲಗಿ."

ನಾನು ಮೆಷಿನ್ನಿನೊಳಗೆ ಹೋದ ದಿನವೇ ನಮ್ಮ ಗದ್ದೆಯ ನಾಟಿ. ಆಳು ಗೊತ್ತು ಮಾಡಿಯಾಗಿದ್ದರಿಂದ ನಿಲ್ಲಿಸುವಂತಿರಲಿಲ್ಲ. ಈಶಾನ್ಯದ ದೇವಮೂಲೆಗೆ ಅರಿಶಿನ ಕುಂಕುಮ ಹಾಕಿ ಮೊದಲ ಪೈರು ನೆಡುವವಳು ನಮ್ಮಲ್ಲಿ ಹಿರಿಸೊಸೆ. ಹದಿನೆಂಟು ವರ್ಷ ನಾನೇ ನೆಟ್ಟಿದ್ದೆ. ಇವತ್ತು ಮಂಜುಳ! ದಡಬಡ ಸದ್ದಿನ ನಡುವೆ ದೇವರನ್ನು ನೆನೆಯಬೇಕಾದವಳು ಕಣ್ಣು ಮುಚ್ಚಿ ಅವಳ ಬಳೆ ತುಂಬಿದ ಕೈಗಳನ್ನೇ ನೋಡುತ್ತಿದ್ದೆ. ನಾನು ಸತ್ತರೆ ಊರವರು ಒಂದು ವಾರ ಅತ್ತು, ಆಮೇಲೆ ಮಂಜುಳನ ಸಾಲೇ ಚೆಂದ ಅನ್ನುತ್ತಾರೆ. ನಾಚಿಕೆಯಾಗಬೇಕಿತ್ತು. ಆಗಲಿಲ್ಲ.

ಗಡ್ಡೆ ಹೆಚ್ಚು ರಕ್ತ ಕುಡಿಯುತ್ತಿರಲಿಲ್ಲ. ನಿಧಾನದ್ದೇ ಇರಬೇಕು, ಬಯಾಪ್ಸಿಯಲ್ಲಿ ಖಚಿತವಾಗುತ್ತದೆ ಎಂದರು. ಆಪರೇಷನ್ ಆಯಿತು. ಬಯಾಪ್ಸಿಯೂ ಅದನ್ನೇ ಹೇಳಿತು. ಪೂರ್ತಿ ತೆಗೆಯಲಾಗಿಲ್ಲ, ಆಗಾಗ ಸ್ಕ್ಯಾನ್ ಮಾಡಿಸುತ್ತಿರಬೇಕು.

ಮನೆಗೆ ಬಂದು, ತಲೆಗೆ ಬಟ್ಟೆ ಕಟ್ಟಿಕೊಂಡು ಗದ್ದೆಗೆ ಹೋದೆ. ಮಂಜುಳನೂ ಹಿಂದೆ ಬಂದಳು. ಎಲ್ಲ ಕಡೆ ಹಸಿರು. ದೇವಮೂಲೆಯಲ್ಲಿ ಮಾತ್ರ ಚಾಪೆಯಗಲ ಖಾಲಿ.

"ಯಾಕೇ ಇಂಗೆ ಬುಟ್ಟಿದ್ದೀಯ?"

"ಇಲ್ಲಿ ನೀನೇ ಅಲ್ವಾ ಅಕ್ಕ ನೆಡೋದು? ಆ ಕಡೆ ಮೂಲೆಯಿಂದ ಸುರು ಮಾಡುದ್ವಿ," ಎಂದಳು ಮಂಜುಳ. "ಶಾಸ್ತ್ರ ಕೆಡಿಸ್ದೆ ಅಂತ ಅತ್ತೆ ದಿನಾ ಬಯ್ತಾವ್ರೆ."

ನಾನು ಕೆಸರಿಗಿಳಿದೆ. ಒತ್ತಾಗಿದ್ದ ಕಡೆಯಿಂದ ಅವಳು ಒಂದಷ್ಟು ಪೈರು ಕಿತ್ತು ತಂದಳು. ನನ್ನ ಎಡಗೈಗೆ ಇನ್ನೂ ಹಿಡಿತವಿಲ್ಲ. ಕಟ್ಟು ಅವಳು ಹಿಡಿದಳು, ನಾನು ನೆಟ್ಟೆ. ಡೊಂಕೇ ಆಯಿತು.

"ಅಗ್ಗ ಇಡೀಲಾ ಅಕ್ಕ?" ಎಂದಳು, ನಗು ತಡೆದುಕೊಂಡು.

"ಬ್ಯಾಡ. ನೀನು ಎಳೀತೀಯ."

ಬದುವಿನ ಮೇಲೆ ಕೂತು ಅವಳ ಸಾಲುಗಳನ್ನು ನೋಡಿದೆ. ಒಂದೂ ಡೊಂಕಿಲ್ಲ. ಕಣ್ಣಲ್ಲಿ ನೀರು ಬಂತು, ಹೊಟ್ಟೆಯೂ ಉರಿಯಿತು. ಮುಂದಿನ ನಾಟಿಯ ಹೊತ್ತಿಗೆ ಈ ಕೈ ಸರಿಹೋದರೆ ಅವಳಿಗೆ ತೋರಿಸುತ್ತೇನೆ.