ನಿಲಯದ ಇಪ್ಪತ್ನಾಲ್ಕನೆಯ ಮಗು

ಬೇರೆಯವರ ಪರವಾಗಿ ಕಾಗದ ಬರೆಯುವುದರಲ್ಲಿ ನನ್ನ ಚಿಕ್ಕಪ್ಪನ ಮಗಳು ನೀಲಾಂಬಿಕೆಯದು ಎತ್ತಿದ ಕೈ. ಕಟ್ಟೆಮಳಲವಾಡಿಯಲ್ಲಿ ಅವಳಿನ್ನೂ ಹೈಸ್ಕೂಲಿಗೆ ಹೋಗುತ್ತಿದ್ದಾಗಲೇ ಬೀದಿಯ ಹೆಂಗಸರು ಇನ್‌ಲ್ಯಾಂಡ್ ಲೆಟರ್ ಹಿಡಿದು ನಮ್ಮ ಜಗಲಿಗೆ ಬರುತ್ತಿದ್ದರು. ಮಿಲಿಟರಿಗೆ ಸೇರಿದ ಗಂಡನಿಗೆ, ತವರಿನ ಅಣ್ಣನಿಗೆ ಬರೆಸಿಕೊಂಡು ಹೋಗುತ್ತಿದ್ದರು. ಅವರು ಬಾಯಿಬಿಟ್ಟು ಹೇಳಿದ್ದಕ್ಕಿಂತ ಹೇಳದೆ ನುಂಗಿಕೊಂಡದ್ದನ್ನು ಅವಳು ಚೆನ್ನಾಗಿ ಬರೆಯುತ್ತಿದ್ದಳು. ಓದಿ ಹೇಳಿದಾಗ ಕೆಲವರು ಅತ್ತದ್ದನ್ನು ನಾನೇ ನೋಡಿದ್ದೇನೆ.

ಆ ಬರವಣಿಗೆಯ ದೆಸೆಯಿಂದಲೇ ಅವಳಿಗೆ ಕೆಲಸ ಸಿಕ್ಕಿತು. ಹೆಗ್ಗಡದೇವನಕೋಟೆಯಿಂದ ಸರಗೂರಿಗೆ ಹೋಗುವ ರಸ್ತೆಯಲ್ಲಿ ಮಹದೇವಪ್ರಸಾದ್ ಎನ್ನುವವರು ಒಂದು ಸಣ್ಣ ಮಕ್ಕಳ ನಿಲಯ ನಡೆಸುತ್ತಿದ್ದರು. ಕಾಕನಕೋಟೆ ಕಾಡಂಚಿನ ಗಿರಿಜನರ ಹಾಡಿಗಳಿಂದ, ಕಬಿನಿ ಅಣೆಕಟ್ಟೆಗೆ ಊರು ಬಿಟ್ಟುಕೊಟ್ಟವರ ಹಟ್ಟಿಗಳಿಂದ ಬಂದ ಇಪ್ಪತ್ಮೂರು ಮಕ್ಕಳು ಅಲ್ಲಿದ್ದರು. ಊಟ, ವಸತಿ, ಪಕ್ಕದ ಸರ್ಕಾರಿ ಶಾಲೆಯಲ್ಲಿ ಪಾಠ. ಮಹದೇವಪ್ರಸಾದ್ ಒಳ್ಳೆಯ ಮನುಷ್ಯ, ಆದರೆ ಯಾರ ಹತ್ತಿರವೂ ಬಾಯಿಬಿಟ್ಟು ಕೇಳಲಾರದವರು. ತೊಂಬತ್ತಾರರ ಮಳೆಗಾಲದಲ್ಲಿ ಮಕ್ಕಳಿಗೆ ಒಂದು ಹೊತ್ತಿನ ಊಟ ನಿಲ್ಲಿಸುವ ಪರಿಸ್ಥಿತಿ ಬಂದಾಗ ಪರಿಚಯದವರೊಬ್ಬರು ಮೈಸೂರಿನಿಂದ ಪ್ರಮೀಳಾ ಎಂಬಾಕೆಯನ್ನು ಕಳಿಸಿಕೊಟ್ಟರು. ಸಂಘಸಂಸ್ಥೆಗಳು ದಾನಿಗಳನ್ನು ಹೇಗೆ ಹುಡುಕಬೇಕು, ಹೇಗೆ ಉಳಿಸಿಕೊಳ್ಳಬೇಕು ಎಂದು ಹೇಳಿಕೊಡುವುದೇ ಪ್ರಮೀಳಾ ಅವರ ಕೆಲಸ.

ಅವರು ನಿಲಯದ ಹಳೆಯ ಮನವಿಪತ್ರ ಓದಿ ಪಕ್ಕಕ್ಕಿಟ್ಟರು.

"ಇದ್ರಲ್ಲಿ ಬರೀ ಅಂಕಿ ಇದೆ ಸಾರ್. ಇಪ್ಪತ್ಮೂರು ಮಕ್ಕಳು, ಏಳು ಹಾಡಿ, ನಲವತ್ತು ಚಾಪೆ. ಇಪ್ಪತ್ಮೂರು ಮಕ್ಕಳಿಗೋಸ್ಕರ ಯಾರ ಕರುಳೂ ಚುರ್ ಅನ್ನಲ್ಲ. ಒಂದು ಮಗುಗೆ ಅನ್ನುತ್ತೆ. ಒಂದು ಮುಖ, ಒಂದು ಹೆಸರು. ಆ ಮಗು ತಾನೇ ಮಾತಾಡಬೇಕು."

"ಯಾವ ಮಗು?" ಎಂದಳು ನೀಲಾಂಬಿಕೆ.

"ಫೋಟೊ ಇದ್ರೆ ತನ್ನಿ, ನೋಡೋಣ."

ಬಿಸ್ಕತ್ತಿನ ಡಬ್ಬಿಯಲ್ಲಿ ಹಳೆಯ ಫೋಟೊಗಳಿದ್ದವು. ಪ್ರಮೀಳಾ ಇಸ್ಪೀಟಿನ ಎಲೆಯಂತೆ ಒಂದೊಂದಾಗಿ ತೆಗೆದು ಮೇಜಿನ ಮೇಲೆ ಹಾಕುತ್ತ ಹೋಗಿ ಒಂದು ಕಡೆ ನಿಲ್ಲಿಸಿದರು. ಹಿನ್ನೀರಿನ ದಡದಲ್ಲಿ ಏಳೆಂಟು ವರ್ಷದ ಹುಡುಗಿಯೊಬ್ಬಳು ಒಂಟಿಯಾಗಿ ನಿಂತಿದ್ದಳು. ಎಣ್ಣೆ ಕಾಣದ ಕೂದಲು, ಒಂದೇ ಕಿವಿಯಲ್ಲಿ ಓಲೆ. ನಗುವೂ ಇಲ್ಲ, ಅಳುವೂ ಇಲ್ಲ. ಕ್ಯಾಮೆರಾದ ಆಚೆ ನಿಂತವರನ್ನು ಗುರುತಿಸಲು ನೋಡುವ ಹಾಗೆ ನೇರ ದಿಟ್ಟಿ.

"ಇವಳೇ," ಎಂದರು ಪ್ರಮೀಳಾ.

ಆ ಹುಡುಗಿ ಯಾರೆಂದು ಮಹದೇವಪ್ರಸಾದರಿಗೆ ಗೊತ್ತಿರಲಿಲ್ಲ. ಎರಡು ವರ್ಷದ ಹಿಂದೆ ಮಕ್ಕಳನ್ನು ಹಿನ್ನೀರಿಗೆ ಕರೆದುಕೊಂಡು ಹೋಗಿದ್ದಾಗ ತೆಗೆಸಿದ ಫೋಟೊ ಅದು. ಅಡುಗೆಯ ಸುನಂದಮ್ಮ ಕೈ ಒರೆಸಿಕೊಂಡು ಬಂದು ನೋಡಿ, ನಮ್ಮ ಮಗು ಅಲ್ಲ ಎಂದರು. ಪೇಟೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಕುಳ್ಳಯ್ಯನನ್ನು ಕೇಳಿದ್ದಕ್ಕೆ ಅವನು ನೆಗೆಟಿವ್ ಹುಡುಕಿ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. "ನೆಗೆಟಿವ್‌ನಾಗೆ ಅವ್ಳೆ ಕಣ್ರೀ. ಆದ್ರೆ ಈ ಮಗೀನ ನಾನು ತೆಗೆದದ್ದು ನಂಗೆ ಗ್ಯಾನ ಇಲ್ಲ. ನಾನು ಆ ಒಣಮರಕ್ಕೆ ಅಂತ ಕ್ಯಾಮೆರಾ ಹಿಡಿದಿದ್ದು."

ದಡದ ಹಳ್ಳಿಯ ಯಾವುದೋ ಮಗು ಇರಬೇಕು ಎಂದುಕೊಂಡರು. ಪೇಟೆಯವರ ಬಾಯಿಗೆ ಸುಲಭವಾಗಲಿ, ಕೇಳಿದರೆ ಒಂದು ಭರವಸೆ ಹುಟ್ಟಲಿ ಎಂದು ಪ್ರಮೀಳಾ ಅವಳಿಗೆ ಆಶಾ ಎಂದು ಹೆಸರಿಟ್ಟರು. ಆಶಾಳ ಕಾಗದ ಬರೆಯುವ ಕೆಲಸ ನೀಲಾಂಬಿಕೆಗೆ ಬಂತು.

ಮೊದಲ ಕಾಗದ ಬರೆಯಲು ಅವಳಿಗೆ ಅರ್ಧ ಗಂಟೆಯೂ ಹಿಡಿಯಲಿಲ್ಲವಂತೆ. "ಅಕ್ಕಾ, ಯೋಚನೆ ಮಾಡೋದೇ ಬೇಕಾಗಿರ್ಲಿಲ್ಲ. ಯಾರೋ ಜಗಲಿ ಮೇಲೆ ಕೂತು ಹೇಳಿದ್ಹಂಗೆ ಬರ್ತಿತ್ತು," ಎಂದು ನನ್ನ ಹತ್ತಿರ ಹೇಳಿದಳು. "ನಮ್ಮನೇಲಿ ಒಂದು ಕೋಳಿ ಐತೆ. ಅದಕ್ಕೆ ಒಂದು ಕಾಲು ಕುಂಟು. ಎಲ್ಲಾ ಓಡಿಹೋದ್ರೂ ಅದು ಹಿಂದೇ ಉಳೀತದೆ" ಎಂದು ಶುರುವಾದ ಆ ಕಾಗದ ದೀಪಾವಳಿಗೆ ಮುಂಚೆ ಮೈಸೂರು, ಬೆಂಗಳೂರಿನ ಮುನ್ನೂರು ಮನೆಗಳಿಗೆ ಹೋಯಿತು. ಪ್ರಮೀಳಾ ಹೇಳಿದಂತೆಯೇ ಆಯಿತು. ಸಂಕ್ರಾಂತಿಯ ಹೊತ್ತಿಗೆ ಮಕ್ಕಳಿಗೆ ಮೂರು ಹೊತ್ತೂ ಊಟ, ಮೈತುಂಬ ಹೊದಿಕೆ.

ದಾನಿಗಳು ಆಶಾಳಿಗೆ ಉತ್ತರ ಬರೆದರು. ಆಶಾ ಮತ್ತೆ ಬರೆಯಬೇಕಾಯಿತು. "ಬದಲಾವಣೆ ಕಾಣಬೇಕು. ಕೊಟ್ಟವರಿಗೆ ತಾವು ಕೊಟ್ಟದ್ದರಿಂದ ಏನಾಯಿತು ಅನ್ನೋದು ಗೊತ್ತಾಗಬೇಕು. ಅವಳು ಬೆಳೀಲಿ," ಎಂದು ಪ್ರಮೀಳಾ ಫೋನಿನಲ್ಲಿ ಹೇಳಿದರು. ನೀಲಾಂಬಿಕೆ ಅವಳನ್ನು ಬೆಳೆಸಿದಳು. ಆಶಾ ಅಕ್ಷರ ಕಲಿತಳು, ಮಗ್ಗಿ ಕಲಿತಳು, ಮೂರನೆಯ ತರಗತಿಗೆ ಹೋದಳು. ತೊಂಬತ್ತೇಳರ ಆಗಸ್ಟಿನ ಕಾಗದದಲ್ಲಿ ಎರಡು ಜಡೆ ಹಾಕಿಸಿಕೊಂಡು ಕೆಂಪು ರಿಬ್ಬನ್ ಕಟ್ಟಿಸಿಕೊಂಡಳು.

ಆ ವರ್ಷ ಸ್ವಾತಂತ್ರ್ಯ ದಿನದಂದು ಕುಳ್ಳಯ್ಯ ಬಂದು ಮಕ್ಕಳ ಗುಂಪಿನ ಫೋಟೊ ತೆಗೆದ. ವಾರ ಬಿಟ್ಟು ಪ್ರಿಂಟು ತಂದವನು ನಿಲಯದ ಒಳಕ್ಕೆ ಬರಲಿಲ್ಲ. ಗೇಟಿನ ಹತ್ತಿರವೇ ನಿಂತು ನೀಲಾಂಬಿಕೆಯನ್ನು ಕರೆಸಿದ.

"ನಾನು ಎಣಿಸಿ ನಿಲ್ಲಿಸಿದ್ದು ಇಪ್ಪತ್ಮೂರು ಮಕ್ಕಳು ಮೇಡಂ. ನೀವೂ ಎಣಿಸಿ."

ಅವಳು ಎಣಿಸಿದಳು. ಹಿಂದಿನ ಸಾಲಿನ ಎಡತುದಿಯಲ್ಲಿ, ಉಳಿದ ಮಕ್ಕಳಿಂದ ಒಂದು ಗೇಣು ಬಿಟ್ಟು, ಆ ಹುಡುಗಿ ನಿಂತಿದ್ದಳು. ಹಳೆಯ ಫೋಟೊದಲ್ಲಿ ಇದ್ದದ್ದಕ್ಕಿಂತ ಕೊಂಚ ಎತ್ತರವಾಗಿದ್ದಳು. ಎರಡು ಜಡೆ. ಫೋಟೊ ಕಪ್ಪುಬಿಳುಪಿನದಾದ್ದರಿಂದ ರಿಬ್ಬನ್ನಿನ ಬಣ್ಣ ಗೊತ್ತಾಗುವಂತಿರಲಿಲ್ಲ.

ಮಹದೇವಪ್ರಸಾದ್ ಕನ್ನಡಕ ಹಾಕಿಕೊಂಡು, ತೆಗೆದು, ಮತ್ತೆ ಹಾಕಿಕೊಂಡು ನೋಡಿದರು. ಶಾಲೆಯ ಯಾವುದೋ ಮಗು ಬಂದು ಸೇರಿಕೊಂಡಿರಬೇಕು ಎಂದರು. ಫೋಟೊವನ್ನು ಮೇಜಿನ ಡ್ರಾಯರಿನಲ್ಲಿಟ್ಟು ಬೀಗ ಹಾಕಿದರು.

ಅಲ್ಲಿಂದ ಮುಂದೆ ಅವಳು ಸಣ್ಣಸಣ್ಣದ್ದನ್ನೆಲ್ಲ ಗಮನಿಸತೊಡಗಿದಳು. ಸುನಂದಮ್ಮ ಮಧ್ಯಾಹ್ನ ತಟ್ಟೆ ಹಾಕುವಾಗ ದಿನಾ ಒಂದು ಹೆಚ್ಚಿಗೆ ಹಾಕುತ್ತಿದ್ದರು. "ಅದೇನು ಕೈತಪ್ಪೋ ಕಣವ್ವ, ಎಣಿಸಿಕೊಂಡೇ ತತ್ತೀನಿ," ಎಂದು ತೆಗೆದಿಡುತ್ತಿದ್ದರು. ಬೆಳಗಿನ ಪ್ರಾರ್ಥನೆಗೆ ಮಕ್ಕಳು ಸಾಲಾಗಿ ನಿಂತಾಗ ಎಡಗಡೆ ಒಂದು ಜಾಗ ಖಾಲಿ ಬಿಡುತ್ತಿದ್ದರು. ಒಂದು ದಿನ ಅವಳು ಅದರ ಪಕ್ಕ ನಿಂತಿದ್ದ ಪುಟ್ಟ ಹುಡುಗಿಗೆ ಆ ಜಾಗಕ್ಕೆ ಸರಿದು ನಿಲ್ಲು ಎಂದಳು. ಅವಳು ಸರಿಯಲಿಲ್ಲ. "ಅಲ್ಲಿ ನೆಲ ವದ್ದೆ ಆಗ್ಯದೆ ಮಿಸ್," ಎಂದಳು. ಫೆಬ್ರುವರಿ ತಿಂಗಳು, ಮಳೆ ಬಿದ್ದು ಮೂರು ತಿಂಗಳಾಗಿತ್ತು. ನೀಲಾಂಬಿಕೆ ಬಗ್ಗಿ ಅಂಗೈಯಿಂದ ಮುಟ್ಟಿ ನೋಡಿದಳು. ನೆಲ ತಣ್ಣಗಿತ್ತು.

ಆದರೂ ಕಾಗದ ಬರೆಯುವುದು ನಿಲ್ಲಲಿಲ್ಲ. ನಿಲ್ಲಿಸಿದರೆ ಮಕ್ಕಳ ಊಟ ನಿಲ್ಲುತ್ತಿತ್ತು. ತೊಂಬತ್ತೊಂಬತ್ತನೆಯ ಇಸವಿಗೆ ಪ್ರಮೀಳಾ ಅವರ ಸಲಹೆಯಂತೆ ಆಶಾಳ ಆ ಮೊದಲ ಫೋಟೊ, ಅದರ ಕೆಳಗೆ ಅವಳ ಮೊದಲ ಕಾಗದ ಹಾಕಿ ಕ್ಯಾಲೆಂಡರ್ ಅಚ್ಚು ಹಾಕಿಸಿದರು. ಅದು ಕೋಟೆ, ಸರಗೂರು, ಬೀಚನಹಳ್ಳಿಯ ಅಂಗಡಿ ಹೋಟೆಲುಗಳ ಗೋಡೆ ಸೇರಿತು.

ಮಾರ್ಚಿನಲ್ಲಿ ಒಂದು ಬೆಳಗ್ಗೆ, ಐವತ್ತರ ಆಸುಪಾಸಿನ ಹೆಂಗಸೊಬ್ಬರು ಸುರುಳಿ ಸುತ್ತಿದ ಆ ಕ್ಯಾಲೆಂಡರನ್ನು ಕಂಕುಳಲ್ಲಿಟ್ಟುಕೊಂಡು ನಿಲಯಕ್ಕೆ ಬಂದರು. ಬೀಚನಹಳ್ಳಿಯ ಕಾಫಿ ಹೋಟೆಲಿನ ಗೋಡೆಯಿಂದ ಕೇಳಿ ಇಸಿದುಕೊಂಡದ್ದಂತೆ. ಹೆಸರು ಪುಟ್ಟಮಲ್ಲಮ್ಮ. ನೀರು ಕೊಟ್ಟರೆ ಕುಡಿಯಲಿಲ್ಲ. ಕ್ಯಾಲೆಂಡರನ್ನು ನೆಲದ ಮೇಲೆ ಬಿಡಿಸಿ, ಸುತ್ತಿಕೊಳ್ಳದ ಹಾಗೆ ಎರಡು ಕೈಯಲ್ಲೂ ಅದುಮಿ ಹಿಡಿದರು.

"ಇದನ್ನ ಬರೆದವ್ರು ಯಾರವ್ವ?"

"ನಾನೇ ಅವ್ವಾ."

"ಹೋಟ್ಲೋರು ಓದಿ ಹೇಳುದ್ರು. ಕುಂಟು ಕೋಳಿ ಇದ್ದದ್ದು ದಿಟ. ಕಿವಿ ಓಲೆ ಒಂದು ಕಳಕೊಂಡಿದ್ದು ದಿಟ. ಎಲ್ಲಾ ಸರಿಯಾಗೇ ಬರ್ದಿದ್ದೀರ. ಹೆಸರೊಂದು ತಪ್ಪು. ಅವಳು ಆಶಾ ಅಲ್ಲ. ಚಿಕ್ಕಮಾದಿ. ನನ್ನ ಮಗಳು."

ನೀಲಾಂಬಿಕೆಗೆ ಮೊದಲು ಸಮಾಧಾನವೇ ಆಯಿತಂತೆ. ಅಂತೂ ಮಗು ಯಾರೆಂದು ಗೊತ್ತಾಯಿತಲ್ಲ. "ಈಗ ಎಲ್ಲವ್ಳೆ ಅವ್ವಾ?" ಎಂದು ಕೇಳಿದಳು.

ಪುಟ್ಟಮಲ್ಲಮ್ಮ ಹೇಳಿದರು. ಅಣೆಕಟ್ಟೆಗೆ ನೀರು ನಿಂತ ಮೊದಲ ವರ್ಷ. ಊರಿನವರೆಲ್ಲ ಸಾಮಾನು ಗಾಡಿಗೆ ಹೇರಿಕೊಂಡು ದಿಣ್ಣೆ ಹತ್ತಿದ್ದರು. ಕುಂಟು ಕೋಳಿ ಹಿಂದೆ ಉಳಿಯಿತು ಎಂದು ಏಳು ವರ್ಷದ ಚಿಕ್ಕಮಾದಿ ಯಾರಿಗೂ ಹೇಳದೆ ವಾಪಸು ಓಡಿದಳು. ಮನೆಯ ಬಾಗಿಲ ತನಕ ಹೋದದ್ದನ್ನು ದಿಣ್ಣೆಯ ಮೇಲಿಂದ ಒಬ್ಬರು ಕಂಡಿದ್ದರು. ಆಮೇಲೆ ಯಾರೂ ಕಾಣಲಿಲ್ಲ. ಇಪ್ಪತ್ತೈದು ವರ್ಷವಾಗಿತ್ತು. ಸಿಕ್ಕದ ಮಗುವಿಗೆ ಮಣ್ಣು ಮಾಡುವುದು ಹೇಗೆ ಎಂದು ಗೊತ್ತಾಗದೆ ಯಾವ ಕಾರ್ಯವೂ ಆಗಿರಲಿಲ್ಲ.

ಇದನ್ನೆಲ್ಲ ಆಕೆ ಸಾರಿನ ಪುಡಿಯ ಅಳತೆ ಹೇಳುವ ಹಾಗೆ ಸಣ್ಣ ದನಿಯಲ್ಲಿ ಹೇಳಿದರು. ಕೊನೆಗೆ, "ಇನ್ನೂ ಕಾಗದ ಅವಂತಲ್ಲ, ಅವುನ್ನ ನಂಗೆ ಓದಿ ಹೇಳಬೇಕು. ಇಲ್ಲಲ್ಲ. ನೀರು ಇಳದಾಗ ಬತ್ತೀನಿ, ನಮ್ಮನೇತಾವ ಓದೀರಂತೆ," ಎಂದು ಎದ್ದರು.

ಏಪ್ರಿಲ್ ಕೊನೆಗೆ ಹಿನ್ನೀರು ಇಳಿಯಿತು. ಹಾಡಹಗಲು, ನೆತ್ತಿ ಸುಡುವ ಬಿಸಿಲು. ಬಿರುಕು ಬಿಟ್ಟ ಕೆಸರಿನ ಬಯಲಿನಲ್ಲಿ ಪುಟ್ಟಮಲ್ಲಮ್ಮ ಮುಂದೆ, ಕಾಗದಗಳ ಚೀಲ ಹಿಡಿದ ನೀಲಾಂಬಿಕೆ ಹಿಂದೆ. ಊರು ಇದ್ದ ಕುರುಹಿಗೆ ಅಲ್ಲೊಂದು ಇಲ್ಲೊಂದು ಕಲ್ಲಿನ ಸಾಲು ಬಿಟ್ಟರೆ ಏನೂ ಇರಲಿಲ್ಲ. ಪುಟ್ಟಮಲ್ಲಮ್ಮ ಮಾತ್ರ ಬೀದಿ ಇದ್ದ ಕಡೆ ಬೀದಿಯಲ್ಲಿ ನಡೆದರು, ಮೂಲೆಯಲ್ಲಿ ತಿರುಗಿದರು, ಒಂದು ಕಡೆ ಸೊಂಟ ಬಗ್ಗಿಸಿ ಇಲ್ಲದ ತೊಲೆಯ ಅಡಿ ನುಸುಳಿದರು. ನೀಲಾಂಬಿಕೆಯೂ ಅಲ್ಲಿ ತಲೆ ಬಗ್ಗಿಸಿದಳು. ಯಾಕೆಂದು ಅವಳಿಗೇ ಗೊತ್ತಿಲ್ಲ. ಒಂದು ಹೊಸಿಲ ಕಲ್ಲಿನ ಮೇಲೆ ಕೂತು ಪುಟ್ಟಮಲ್ಲಮ್ಮ, "ಈಗ ಓದವ್ವ," ಎಂದರು.

ಅವಳು ಮೊದಲಿನಿಂದ ಓದಿದಳು. ಗಾಳಿ ನಿಂತುಹೋಗಿತ್ತು. ದೂರದಲ್ಲಿ ಮೇಯುತ್ತಿದ್ದ ದನಗಳ ಗಂಟೆಯ ಸದ್ದೂ ಕೇಳಿಸುತ್ತಿರಲಿಲ್ಲ. ನಡುನಡುವೆ ಪುಟ್ಟಮಲ್ಲಮ್ಮ "ಊ" ಎನ್ನುತ್ತಿದ್ದರು, ಒಮ್ಮೊಮ್ಮೆ "ಅದ್ಯಾಕಂಗೆ ಮಾಡ್ದೆ" ಎಂದು ಗದರುತ್ತಿದ್ದರು. ಗದರುವಾಗ ನೀಲಾಂಬಿಕೆಯ ಕಡೆ ನೋಡುತ್ತಿರಲಿಲ್ಲ. ಅವಳ ಎಡಗಡೆಗೆ, ಸೊಂಟಕ್ಕಿಂತ ಕೊಂಚ ಮೇಲಕ್ಕೆ ನೋಡುತ್ತಿದ್ದರು. ಆ ಕಡೆ ತಿರುಗುವ ಧೈರ್ಯ ನೀಲಾಂಬಿಕೆಗೆ ಬರಲಿಲ್ಲ. ಎಡ ತೋಳಿನ ಮೇಲೆ ಬಿಸಿಲು ಬೀಳದ ಹಾಗೆ ತಂಪಾಗಿತ್ತು.

ಕೊನೆಯ ಕಾಗದ ಮುಗಿಸಿ ಮಡಿಸಿಟ್ಟಳು.

"ಇನ್ನೊಂದು ಕಾಗದ ಅದೆಯಲ್ಲವ್ವ," ಎಂದರು ಪುಟ್ಟಮಲ್ಲಮ್ಮ. "ಕತ್ತಲು ಅಂದ್ರೆ ಭಯ ಇಲ್ಲ ಅಂತ ಬರೆದಿರೋದು."

ಆ ಕಾಗದ ಚೀಲದಲ್ಲಿರಲಿಲ್ಲ. ಎಲ್ಲಿಯೂ ಇರಲಿಲ್ಲ. ಅಂದು ಬೆಳಗ್ಗೆ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು ನೀಲಾಂಬಿಕೆ ಮನಸ್ಸಿನಲ್ಲೇ ಕಟ್ಟಿಕೊಂಡಿದ್ದ ವಾಕ್ಯ ಅದು: "ನಂಗೆ ಈಗ ಕತ್ತಲು ಅಂದ್ರೆ ಭಯ ಇಲ್ಲ, ಅಭ್ಯಾಸ ಆಗ್ಯದೆ." ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ.

ಪುಟ್ಟಮಲ್ಲಮ್ಮ ಅವಳ ಕೈ ಹಿಡಿದುಕೊಂಡರು. "ಎದರಬ್ಯಾಡ. ಅದು ನಿನಗೇನೂ ಮಾಡಕಿಲ್ಲ. ಆದ್ರೆ ಒಂದು ಮಾತು ನಡೆಸಿಕೊಡವ್ವ. ಮೂರು ವರ್ಸದಿಂದ ಏಳು ವರ್ಸದ ಕೂಸು ನಿಮ್ಮ ಇಪ್ಪತ್ಮೂರು ಮಕ್ಕಳ ಸಾಕ್ತಾ ಅದೆ. ಕರೆದಾಗೆಲ್ಲ ಬಂದು ಮಾತಾಡ್ಯದೆ, ಬೆಳೆ ಅಂದ್ರೆ ಬೆಳೆದದೆ. ದಣಿದೋಗ್ಯದೆ ಕಣವ್ವ. ಇನ್ನು ಅದನ್ನ ದುಡಿಸಬ್ಯಾಡಿ. ಬುಟ್ಬುಡಿ."

ವಾಪಸು ಬಂದು ನೀಲಾಂಬಿಕೆ ಎಲ್ಲವನ್ನೂ ಮಹದೇವಪ್ರಸಾದರಿಗೆ ಹೇಳಿದಳು. ಅವರು, "ದಾನಿಗಳಿಗೆ ಏನು ಹೇಳ್ತೀಯಮ್ಮ? ಸುಳ್ಳು ಹೇಳಿದ್ವಿ ಅಂತಲೋ, ದೆವ್ವ ಬರೆಸ್ತು ಅಂತಲೋ?" ಎಂದರು.

"ಮಗು ನಮ್ಮದಲ್ಲ ಅಂತ ಹೇಳ್ತೀನಿ ಸಾರ್. ಅಷ್ಟು ಸಾಕು."

ಅವರು ಒಪ್ಪಲಿಲ್ಲ. ಅವಳು ಎದುರು ವಾದಿಸಲೂ ಇಲ್ಲ. ಜೀವಮಾನದಲ್ಲಿ ಮೊದಲ ಸಲ ತನ್ನ ಪರವಾಗಿಯೇ ಕಾಗದ ಬರೆದಳು: "ಫೋಟೊದಲ್ಲಿರುವ ಮಗು ನಮ್ಮ ನಿಲಯದ್ದಲ್ಲ. ಅವಳ ಹೆಸರು ಚಿಕ್ಕಮಾದಿ. ಊರು ಮುಳುಗಿದ ವರ್ಷವೇ ತೀರಿಕೊಂಡಳು. ಅವಳ ತಾಯಿಯನ್ನು ಕೇಳದೆ ಅವಳ ಮುಖ ಬಳಸಿದೆವು. ಕಾಗದ ಬರೆದವಳು ನಾನು. ನಿಲಯದಲ್ಲಿ ಇಪ್ಪತ್ಮೂರು ಮಕ್ಕಳಿರುವುದು ನಿಜ, ಅವರಿಗೆ ಹಸಿವಾಗುವುದೂ ನಿಜ. ಬಂದು ನೋಡಿ." ಕೆಳಗೆ ರುಜು ಹಾಕಿ, ತನ್ನ ಸಂಬಳದಲ್ಲಿ ಅಂಚೆಚೀಟಿ ಕೊಂಡು, ಹುಣಸೂರಿನ ಅಂಚೆಕಚೇರಿಯಲ್ಲಿ ಎಲ್ಲ ದಾನಿಗಳಿಗೂ ಹಾಕಿಬಂದಳು. ಆಮೇಲೆ ಮಹದೇವಪ್ರಸಾದರ ಮೇಜಿನ ಮೇಲೆ ರಾಜೀನಾಮೆ ಇಟ್ಟಳು. ಅವರು ಅದನ್ನು ಹರಿಯಲಿಲ್ಲ, ಸ್ವೀಕರಿಸಲೂ ಇಲ್ಲ. ಅವಳು ಮರುದಿನವೂ ಕೆಲಸಕ್ಕೆ ಹೋದಳು.

ಮುಕ್ಕಾಲು ಪಾಲು ದಾನಿಗಳು ಕೈಬಿಟ್ಟರು. ಬೈದು ಬರೆದವರೂ ಇದ್ದರು. ಬಂದು ನೋಡಿದವರು ಹನ್ನೊಂದು ಮನೆಯವರು ಮಾತ್ರ. ಅವರಲ್ಲಿ ಕೃಷ್ಣರಾಜನಗರದ ಶಿವನಂಜಪ್ಪ ಎಂಬ ನಿವೃತ್ತ ಮೇಷ್ಟ್ರು ಎರಡು ಮೂಟೆ ಅಕ್ಕಿ ಹಾಕಿಕೊಂಡು ಬಂದರು. ಮೂರು ದಿನ ಮಕ್ಕಳ ಜೊತೆಗೇ ಉಂಡು, ಹೋಗುವಾಗ, "ದೂರದೋರಿಗೆ ಕಾಗದ ಬರೆದದ್ದು ಸಾಕು. ಹತ್ತಿರದೋರ ಮನೆ ಬಾಗಿಲಿಗೆ ಹೋಗಿ ಕೇಳಮ್ಮ," ಎಂದರು. ಆ ಸುಗ್ಗಿಯಲ್ಲಿ ನೀಲಾಂಬಿಕೆ ನಮ್ಮೂರಿನಿಂದಲೇ ಶುರುಮಾಡಿದಳು. ಕಣದಿಂದ ಕಣಕ್ಕೆ ಹೋಗಿ ಸೇರು ರಾಗಿ ಕೇಳಿದಳು. ನಾನೂ ಜೊತೆಗಿದ್ದೆ. ಕೆಲವರು ಕೊಟ್ಟರು, ಕೆಲವರು ಮುಂದಕ್ಕೆ ಹೋಗಿ ಎಂದರು. ನಿಲಯ ಬಡವಾಗಿಯೇ ಇನ್ನೂ ಏಳು ವರ್ಷ ನಡೆಯಿತು. ಆಮೇಲೆ ಮಕ್ಕಳಿಗೆ ಸರ್ಕಾರಿ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿದಾಗ ಮಹದೇವಪ್ರಸಾದ್ ತಾವೇ ಬಾಗಿಲು ಹಾಕಿದರು.

ಕಾಗದ ಹೋದ ವರ್ಷದ ಆಗಸ್ಟಿನಲ್ಲಿ ಕುಳ್ಳಯ್ಯ ಮತ್ತೆ ಮಕ್ಕಳ ಫೋಟೊ ತೆಗೆದ. ಈ ಸಲ ಒಳಗೆ ಬಂದು, ಕೂತು ಕಾಫಿ ಕುಡಿದು, ಪ್ರಿಂಟನ್ನು ಮೇಜಿನ ಮೇಲಿಟ್ಟು ಹೋದ. ಇಪ್ಪತ್ಮೂರು ಮಕ್ಕಳು, ಒತ್ತೊತ್ತಾಗಿ.

ಈಗ ಪಿರಿಯಾಪಟ್ಟಣ, ಹುಣಸೂರಿನ ಸಣ್ಣ ಸಂಸ್ಥೆಗಳು ನೀಲಾಂಬಿಕೆಯನ್ನು ತರಬೇತಿಗೆ ಕರೆಯುತ್ತವೆ. ಒಮ್ಮೊಮ್ಮೆ ಪ್ರಮೀಳಾ ಕೂಡ ಬಂದು ಹಿಂದಿನ ಸಾಲಿನಲ್ಲಿ ಕೂರುತ್ತಾರೆ. ಮುಖ ಬೇಕು, ಹೆಸರು ಬೇಕು ಎಂಬುದನ್ನು ನೀಲಾಂಬಿಕೆ ಅಲ್ಲಗಳೆಯುವುದಿಲ್ಲ. ಯಾರ ಮುಖ ಎಂದು ಮೊದಲು ವಿಚಾರಿಸಿ, ಅವರ ಮನೆಯವರನ್ನು ಕೇಳಿ ಎನ್ನುತ್ತಾಳೆ. ದಿಟ ಬರೆದರೆ ಯಾರು ಕೊಡುತ್ತಾರೆ ಎಂದು ಪಿರಿಯಾಪಟ್ಟಣದಲ್ಲಿ ಒಬ್ಬರು ಕೇಳಿದ್ದಕ್ಕೆ, "ಕಮ್ಮಿ ಜನ ಕೊಡ್ತಾರೆ. ನಾಳೆ ಮತ್ತೆ ಹೋಗಿ ಕೇಳಬೇಕು," ಎಂದಳು.

ಪುಟ್ಟಮಲ್ಲಮ್ಮ ಎರಡು ಸಾವಿರದ ಐದರಲ್ಲಿ ತೀರಿಕೊಂಡರು. ಅಲ್ಲಿಯವರೆಗೂ ಪ್ರತಿ ಬೇಸಿಗೆ ಮಡಕೆಯಲ್ಲಿ ಎಡೆ ಹೊತ್ತು ಹಿನ್ನೀರಿಗೆ ಹೋಗುತ್ತಿದ್ದರು. ಹೊರಡುವ ದಿನ ನೀಲಾಂಬಿಕೆಗೆ ಹೇಳಿ ಕಳಿಸುತ್ತಿದ್ದರು, ಅವಳೂ ಹೋಗುತ್ತಿದ್ದಳು. ಕೆಲವು ವರ್ಷ ನೀರು ಅಷ್ಟಾಗಿ ಇಳಿಯುತ್ತಿರಲಿಲ್ಲ. ಆಗ ಪುಟ್ಟಮಲ್ಲಮ್ಮ ದಡದಲ್ಲಿ ನಿಂತು, ನೀರಿನ ಮೇಲೆ ಒಂದು ಜಾಗವನ್ನೇ ಸ್ವಲ್ಪ ಹೊತ್ತು ನೋಡಿ, "ಈ ಸಲ ಬಾಗಿಲು ತೆಗೀಲಿಲ್ಲ. ಮಲಗ್ಯದೆ ಕಾಣ್ತದೆ," ಎಂದು ಮಡಕೆ ಹೊತ್ತು ಬಸ್ಸಿಗೆ ತಿರುಗುತ್ತಿದ್ದರು.