ಅನುಸೂಯಾಳ ಶೇಂಗಾ ಖಾರಿ

ಜೇವರ್ಗಿ ಕಡೆಯ ಹಳ್ಳಿಯಿಂದ ಗಂಡ ಅವ್ವಣ್ಣನ ಹಿಂದೆ ಪುಣೆಗೆ ಬಂದಾಗ ಅನುಸೂಯಾಳಿಗೆ ಇಪ್ಪತ್ತು ತುಂಬಿರಲಿಲ್ಲ. ಅವ್ವಣ್ಣ ಕಟ್ಟಡಗಳಲ್ಲಿ ಕಬ್ಬಿಣದ ಸರಳು ಕಟ್ಟುವವನು. ಇವಳೂ ಎರಡು ವರ್ಷ ತಲೆಯ ಮೇಲೆ ಇಟ್ಟಿಗೆ ಹೊತ್ತಳು. ಸೊಂಟ ಹಿಡಿದುಕೊಂಡ ಮೇಲೆ ಹಡಪಸರದ ಒಂದು ಬೇಕರಿಯಲ್ಲಿ ತಟ್ಟೆ ತಿಕ್ಕುವ ಕೆಲಸಕ್ಕೆ ಸೇರಿದಳು. ಕೈ ತಟ್ಟೆಯ ಮೇಲಿದ್ದರೂ ಕಣ್ಣು ಮಾತ್ರ ಹಿಟ್ಟಿನ ಮೇಜಿನ ಮೇಲೆ. ಮೈದಾ ಲಟ್ಟಿಸಿ, ಡಾಲ್ಡಾ ಸವರಿ, ಮಡಿಸಿ, ಮತ್ತೆ ಲಟ್ಟಿಸಿ ಖಾರಿ ಬಿಸ್ಕತ್ತು ಮಾಡುವ ಮುದುಕ ಒಂದು ದಿನ ಜ್ವರ ಬಂದು ಮಲಗಿದ. ಅವತ್ತು ಅನುಸೂಯಾ ತನ್ನ ಅರೆಬರೆ ಮರಾಠಿಯಲ್ಲಿ, ನಾನು ಮಾಡಿ ನೋಡಲೇ ಎಂದು ಕೇಳಿದಳು. ಮಾಲೀಕ ಅವಧೂತ ಶೇಠ ನಕ್ಕುಬಿಟ್ಟ. ಭಟ್ಟಿಯಿಂದ ಹೊರಬಂದ ಖಾರಿ ಪದರು ಪದರಾಗಿ ಉಬ್ಬಿ ನಿಂತಿದ್ದನ್ನು ನೋಡಿ ಅವನ ನಗು ನಿಂತಿತು. ಮರುದಿನದಿಂದ ತಟ್ಟೆ ತಿಕ್ಕಲು ಬೇರೆ ಹೆಂಗಸು ಬಂದಳು.

ಶೇಂಗಾ ಖಾರಿ ಹುಟ್ಟಿದ್ದು ಒಂದು ಎಳ್ಳಮಾಸಿಗೆ. ಆ ಸಲ ಊರಿಗೆ ಹೋಗಲು ರಜೆ ಸಿಗಲಿಲ್ಲ. ಹಬ್ಬದ ದಿನ ಹೋಳಿಗೆಯಿಲ್ಲದೆ ಹೇಗೆ ಎಂದು ಅವಳು ಶೇಂಗಾ, ಎಳ್ಳು, ಬೆಲ್ಲ ಕುಟ್ಟಿದ ಹೂರಣವನ್ನು ಡಬ್ಬಿಯಲ್ಲಿ ತಂದು, ಉಳಿದಿದ್ದ ಖಾರಿ ಹಿಟ್ಟಿನೊಳಗೆ ತುಂಬಿ ಭಟ್ಟಿಗೆ ಹಾಕಿದಳು. ಬೆಲ್ಲ ಕರಗಿ ಹೊರಗೆ ಹರಿದು ತಟ್ಟೆಗೆ ಕಚ್ಚಿಕೊಂಡು ಕರಿಯಾಯಿತು. ಶೇಠ ಬೈದ. ಅವಳು ಬಿಡಲಿಲ್ಲ. ಎಂಟು ದಿನ ಏನೇನೋ ಮಾಡಿ, ಕೊನೆಗೆ ಹೂರಣಕ್ಕೆ ಹುರಿಗಡಲೆ ಬೀಸಿದ ಪುಟಾಣಿ ಹಿಟ್ಟನ್ನು ಒಂದು ಹಿಡಿ ಬೆರೆಸಿದಳು. ಪುಟಾಣಿ ಬೆಲ್ಲವನ್ನು ಹಿಡಿದು ಕೂರಿಸಿತು. ಚೂರು ಶುಂಠಿ ಸೇರಿಸಿದಳು. ವರ್ಷ ತುಂಬುವುದರೊಳಗೆ ಆ ಓಣಿಗೆ ಬಂದವರೆಲ್ಲ ಮೊದಲು ಕೇಳುತ್ತಿದ್ದುದು ಅದನ್ನೇ. ಹೂರಣವನ್ನು ಮಾತ್ರ ಅವಳು ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದು ತಾನೇ ಕಲಸಿಡುತ್ತಿದ್ದಳು. ಶೇಠನೂ ಏನು ಹಾಕುತ್ತೀ ಎಂದು ಕೇಳಿರಲಿಲ್ಲ.

ಅವಳ ತಮ್ಮ ಮನೋಹರನೂ ಅದೇ ಬೇಕರಿಯಲ್ಲಿದ್ದ. ತಾಯಿ ತೀರಿಕೊಂಡ ಮೇಲೆ ಅವನನ್ನು ಪುಣೆಗೆ ಕರೆಸಿ ಭಟ್ಟಿಯ ಕೆಲಸಕ್ಕೆ ಹಚ್ಚಿದವಳು ಇವಳೇ. ಮಕ್ಕಳಿಲ್ಲದ ಅವಳ ಒಂದೇ ಖೋಲಿಯ ಮನೆಯಲ್ಲಿ ಅವನು ಹತ್ತು ವರ್ಷ ಉಂಡು ಬೆಳೆದ.

ಪೇಮಾ ಬಂದದ್ದು ಎರಡು ವರ್ಷಗಳ ಹಿಂದೆ. ಭೂತಾನದ ಹುಡುಗಿ, ಫಾರ್ಮಸಿ ಓದಲು ಬಂದು ಹತ್ತಿರದ ಹಾಸ್ಟೆಲಿನಲ್ಲಿದ್ದಳು. ಅವಳ ಊರು ಗುಡ್ಡದ ಮೇಲೆ. ಅಲ್ಲಿ ಹಬ್ಬ ಬಂದರೆ ಮೈದಾ ಹಿಟ್ಟನ್ನು ಎಣ್ಣೆಯಲ್ಲಿ ಕರಿಯುತ್ತಾರೆ, ಬೇಕರಿ ಎಂಬುದಿಲ್ಲ. ಹಾಗಾಗಿ ಪುಣೆಯ ಬೇಕರಿ ಅವಳಿಗೆ ಜಾತ್ರೆಯಂತೆ ಕಂಡಿತು. ಪ್ರತಿ ಶನಿವಾರ ಕಾಲೇಜು ಮುಗಿಸಿ ಬಂದು ಹೊಸದೊಂದನ್ನು ಹಿಡಿಯುತ್ತಿದ್ದಳು. ಒಂದು ವಾರ ಮಾವಾ ಕೇಕ್, ಒಂದು ವಾರ ಕ್ರೀಮ್ ರೋಲ್, ಒಂದು ವಾರ ಚಹಾದಲ್ಲಿ ಅದ್ದಿದ ಖಾರಿ. ಮೂಗಿಗೆ ಕ್ರೀಮು ಹತ್ತಿಸಿಕೊಂಡೇ ತಾಯಿಗೆ ವಿಡಿಯೋ ಕಾಲ್ ಮಾಡಿ ಅರ್ಧ ತಿಂದ ತುಂಡನ್ನು ತೋರಿಸುವಳು. ಆ ಕಡೆಯಿಂದ ತಾಯಿ ಏನೋ ಅಂದು ನಗುತ್ತಿದ್ದಳು.

"ಏನಂತಾಳ ನಿಮ್ಮವ್ವ?" ಎಂದು ಅನುಸೂಯಾ ಒಮ್ಮೆ ತನ್ನ ಹಿಂದಿಯಲ್ಲಿ ಕೇಳಿದಳು.

"ಓದೋಕೆ ಹೋಗಿದ್ದೀಯೋ, ತಿನ್ನೋಕೆ ಹೋಗಿದ್ದೀಯೋ ಅಂತ ಬೈತಿದ್ದಾಳೆ."

ಶೇಂಗಾ ಖಾರಿ ಮೊದಲ ಸಲ ಕಚ್ಚಿದ ದಿನ ಪೇಮಾ ವಿಡಿಯೋ ಕಾಲನ್ನೂ ಮರೆತಳು. ತಿಂದು ಮುಗಿಸಿ, ಕಾಗದದ ಮೇಲೆ ಬಿದ್ದ ಚೂರುಗಳನ್ನು ಬೆರಳಿಗಂಟಿಸಿಕೊಂಡು ನೆಕ್ಕಿ, ಇನ್ನೊಂದು ಕೊಡಿ ಎಂದಳು. ಅಂದಿನಿಂದ ಅವಳ ಹುಡುಕಾಟ ನಿಂತಿತು. ಪ್ರತಿ ಶನಿವಾರ ಅದೊಂದೇ. ಮನೋಹರ ಕರೆಯುವುದನ್ನು ಕೇಳಿ ಕೇಳಿ ಅವಳೂ 'ದೀದಿ' ಬಿಟ್ಟು 'ಅಕ್ಕಾ' ಎನ್ನತೊಡಗಿದಳು. ಮಳೆಗಾಲದಲ್ಲಿ ಅವಳಿಗೆ ಡೆಂಗ್ಯೂ ಬಂದಾಗ ಅನುಸೂಯಾ ಐದು ದಿನ ಹಾಸ್ಟೆಲಿನ ಗೇಟಿಗೆ ಗಂಜಿ ಮುಟ್ಟಿಸಿದಳು. ವಾಚಮನ್ ಯಾರ ಕಡೆಯವರು ಎಂದರೆ, "ತಂಗಿ ಆಗಬೇಕ್ರಿ" ಎನ್ನುತ್ತಿದ್ದಳು.

ಹೋದ ಜನವರಿಯಲ್ಲಿ ಪೇಮಾ ಸಂಕೋಚದಿಂದ ಕೇಳಿದಳು. ರಜೆಗೆ ಊರಿಗೆ ಹೋದಾಗ ಅಮ್ಮನಿಗೆ ಇದನ್ನು ಮಾಡಿಕೊಡಬೇಕು, ಹೇಳಿಕೊಡ್ತೀರಾ ಎಂದು. ಯಾರಿಗೂ ಹೇಳದಿದ್ದುದನ್ನು ಅನುಸೂಯಾ ಅವಳಿಗೆ ಹೇಳಿದಳು, ಪುಟಾಣಿ ಹಿಟ್ಟನ್ನೂ ಬಿಡದೆ. ಪೇಮಾ ಫೋನಿನಲ್ಲಿ ಬರೆದುಕೊಂಡಳು. ಭಟ್ಟಿಯ ಮುಂದೆ ನಿಂತಿದ್ದ ಮನೋಹರ ಆಮೇಲೆ, "ಪರದೇಶದ ಮಂದಿಗಿ ಯಾಕ ಎಲ್ಲಾ ಹೇಳ್ತಿ ಅಕ್ಕಾ?" ಎಂದ. ಅವಳು ನಕ್ಕುಬಿಟ್ಟಳು.

ಯುಗಾದಿ ಮುಗಿದ ಮೇಲೆ ಮನೋಹರ ಬೇಕರಿ ಬಿಟ್ಟ. ಚಾಕಣದ ಫ್ಯಾಕ್ಟರಿಯೊಂದರಲ್ಲಿ ಕೆಲಸ ಸಿಕ್ಕಿದೆ, ಅಲ್ಲೇ ಖೋಲಿ ಮಾಡುತ್ತೇನೆ ಎಂದ. ಹೋಗುವಾಗ ಟ್ರಂಕಿನಲ್ಲಿದ್ದ ತಾಯಿಯ ಫೋಟೋ ಕೇಳಿದ. ಇದ್ದುದೇ ಒಂದು ಫೋಟೋ. "ಖೋಲಿಯಾಗ ಹಾಕ್ಕೋತೀನಿ ಅಕ್ಕಾ, ದಿನಾ ಮುಖ ನೋಡಿ ಕೆಲಸಕ್ಕ ಹೋಗ್ತೀನಿ" ಎಂದಾಗ ಅನುಸೂಯಾಳ ಕಣ್ಣು ತುಂಬಿ ಬಂತು. ಸೀರೆಯ ಸೆರಗಿನಿಂದ ಗಾಜು ಒರೆಸಿ ಕೊಟ್ಟಳು.

ಮೇ ಕೊನೆಯಲ್ಲಿ ಶೇಠ ಲೋಣಾವಳಾಕ್ಕೆ ಮಗಳ ಮನೆಗೆ ಹೋಗಿ ಬಂದವನು ಒಂದು ಕಾಗದದ ಪುಡಿಕೆಯನ್ನು ಅನುಸೂಯಾಳ ಮುಂದಿಟ್ಟ. ಅಳಿಯ ಬಜಾರಿನಿಂದ ತಂದದ್ದಂತೆ.

"ತಿಂದು ನೋಡು."

ಅವಳು ಮುರಿದಳು. ಶೇಂಗಾ ಹೂರಣ. ನಾಲಿಗೆಗೆ ಪುಟಾಣಿ ಹತ್ತಿತು, ಹಿಂದಿನಿಂದ ಶುಂಠಿ. ಮೇಲೆ ಹಬೆ ಹೋಗಲು ಅವಳೇ ಹಾಕುವಂಥ ಎರಡು ಗೀರು ಕೂಡ ಇದ್ದವು.

"ಯಾರಿಗೆ ಹೇಳಿದ್ದೀ ಅನುಸೂಯಾಬಾಯಿ?" ಎಂದು ಶೇಠ ಮೆಲ್ಲಗೆ ಕೇಳಿದ. ಮೆಲ್ಲಗೆ ಕೇಳಿದ್ದೇ ಅವಳಿಗೆ ಹೆಚ್ಚು ಚುಚ್ಚಿತು.

ಆ ಭಾನುವಾರ ಮನೋಹರನ ಫೋನು ಬಂದಾಗ ಅವಳು ಎಲ್ಲ ಹೇಳಿಕೊಂಡಳು. "ನಾ ಒಬ್ಬಾಕಿಗೇ ಹೇಳಿದ್ದೆ ಮನ್ಯಾ, ಆ ಪೇಮಾಗ. ಅಕೀನೇ ಮಾರಿರಬೇಕೇನೋ?"

ಮನೋಹರ ಆ ಕಡೆಯಿಂದ, "ಹೂಂ. ನಾ ಅವತ್ತೇ ಹೇಳಿದ್ದೆನಲ್ಲ ಅಕ್ಕಾ. ಹೊರಗಿನ ಮಂದೀನ ನಂಬಬಾರದು" ಎಂದ.

ಶನಿವಾರ ಪೇಮಾ ಇಬ್ಬರು ಗೆಳತಿಯರನ್ನು ಕಟ್ಟಿಕೊಂಡು ಬಂದಳು. ನಮ್ಮ ಅಕ್ಕನ ಕೈಯ ಖಾರಿ ತಿನ್ನಿ ಎಂದು ಅವರನ್ನು ಕರೆತಂದಿದ್ದಳು. ಗಿರಾಕಿಗಳೆಲ್ಲ ನೋಡುತ್ತಿರುವಾಗಲೇ ಅನುಸೂಯಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದಳು. ಎಷ್ಟಕ್ಕೆ ಮಾರಿದೆ ಎಂದು ಕೇಳಿದಳು. ಗಂಜಿ ಹಾಕಿದ ಕೈಗೇ ಕಚ್ಚಿದೆ ಎಂದಳು. ಹಿಂದಿ ಸಾಲದಾದಾಗ ಕನ್ನಡದಲ್ಲಿ ಬೈದಳು. ಪೇಮಾಳ ಬೆಳ್ಳನೆಯ ಮುಖ ಕೆಂಪಗಾಯಿತು. "ಯಾರಿಗೂ ಕೊಟ್ಟಿಲ್ಲ ಅಕ್ಕಾ" ಎಂದು ಎರಡು ಸಲ ಅಂದಳು. ಮೂರನೆಯ ಸಲ ಬಾಯಿ ತೆರೆದವಳು ಏನೂ ಅನ್ನದೆ ಗೆಳತಿಯರ ಜೊತೆ ಹೊರಟುಹೋದಳು.

ಮನೆಗೆ ಬಂದು ಅನುಸೂಯಾ ಗೋಡೆಗೆ ಒರಗಿ ಅತ್ತಳು. ಅವ್ವಣ್ಣ ಊಟಕ್ಕೆ ಕುಳಿತಿದ್ದ. ಲೋಣಾವಳಾದಲ್ಲಿ ಹೋಟೆಲಿನ ಕಟ್ಟಡವೊಂದು ಏಳುತ್ತಿತ್ತು. ಅಲ್ಲೇ ಉಳಿದು ಕೆಲಸ ಮಾಡಿ ಹದಿನೈದು ದಿನಕ್ಕೊಮ್ಮೆ ಬರುತ್ತಿದ್ದ. ಅವಳ ಮಾತು ಮುಗಿಯುವ ತನಕ ಅವನು ತಲೆ ಎತ್ತಲಿಲ್ಲ. "ಹೋಗ್ಲಿ ಬಿಡು" ಎಂದು ಕೈ ತೊಳೆದುಕೊಂಡ.

ಜುಲೈಯಲ್ಲಿ ಮಳೆ ಹಿಡಿಯಿತು. ಅವ್ವಣ್ಣ ಬಿಪಿ ಮಾತ್ರೆಯ ಡಬ್ಬಿಯನ್ನು ಮನೆಯಲ್ಲೇ ಮರೆತು ಹೋಗಿದ್ದ. ಮಳಿ ಭಾಳ ಅದ, ಈ ಕಡೆ ಬರಬ್ಯಾಡ ಎಂದು ಅವನು ಮೊದಲಿನಿಂದಲೂ ಹೇಳುತ್ತಿದ್ದರೂ, ಅವಳು ಭಾನುವಾರ ಬೆಳಿಗ್ಗೆ ಲೋಕಲ್ ಹತ್ತಿ ಲೋಣಾವಳಾಕ್ಕೆ ಹೋದಳು. ಕೊಡೆ ಹಿಡಿದು ಚಿಕ್ಕಿ ಅಂಗಡಿಗಳ ಸಾಲು ದಾಟುತ್ತಿದ್ದವಳು ಒಂದು ಕಡೆ ನಿಂತುಬಿಟ್ಟಳು.

ಅಂಗಡಿಯ ಬೋರ್ಡಿನ ಮೇಲಿಂದ ಅವಳ ತಾಯಿ ನೋಡುತ್ತಿದ್ದಳು. ಅದೇ ಫೋಟೋ, ಬಣ್ಣ ಹಚ್ಚಿ ದೊಡ್ಡದು ಮಾಡಿದ್ದರು. ಪಕ್ಕದಲ್ಲಿ ಮರಾಠಿಯಲ್ಲಿ 'ಅವ್ವಾಚೀ ಖಾರಿ'. ಅನುಸೂಯಾ ಅಕ್ಷರ ಅಕ್ಷರ ಕೂಡಿಸಿ ಕೆಳಗಿನ ಸಾಲನ್ನೂ ಓದಿದಳು: ನಲವತ್ತು ವರ್ಷಗಳ ನಮ್ಮ ಅವ್ವನ ಕೈರುಚಿ. ಅವಳ ತಾಯಿ ಜೀವಮಾನದಲ್ಲಿ ಭಟ್ಟಿಯನ್ನು ಕಂಡವಳಲ್ಲ. ಮೈದಾ ಹಿಟ್ಟು ಮುಟ್ಟಿದವಳಲ್ಲ. ಜೋಳದ ರೊಟ್ಟಿ ಬಡಿಯುತ್ತಲೇ ಹೋದವಳು.

ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದ ಮನೋಹರ ಎದ್ದು ನಿಂತ.

"ಅಕ್ಕಾ... ನಾನೇ ಹೇಳಾಂವ ಇದ್ದೆ. ಜರಾ ನೆಲಿ ನಿಂದರಲಿ ಅಂತ—"

"ಆ ಪೋರಿ ಮ್ಯಾಲ ಯಾಕ ಹಾಕಿದಿ?"

"ನಾ ಎಲ್ಲಿ ಹಾಕೀನಿ? ನೀನೇ ಅಂದಿ, ನಾ ಹೂಂ ಅಂದೆ."

"ಹೂಂ ಅಂದಿ" ಎಂದಳು ಅನುಸೂಯಾ. ಕೊಡೆಯ ನೀರು ಅಂಗಡಿಯ ಹೊಸ ಟೈಲ್ಸಿನ ಮೇಲೆ ಹರಿಯುತ್ತಿತ್ತು. "ಹತ್ತು ವರ್ಷ ಉಣ್ಣಾಕ ಹಾಕೀನಿ, ಒಂದು ಸಲ ಬಾಯಿಬಿಟ್ಟು ಕೇಳಿದ್ರ ನಾನೇ ಬಂದು ಕಲಸಿ ಕೊಡ್ತಿದ್ದೆ. ಕದಿಯೋದು ಯಾಕ ಬೇಕಿತ್ತು?"

"ಕದ್ದೀನಿ ಅನ್ನಬ್ಯಾಡ. ನಾನೂ ಅಲ್ಲೇ ದುಡದೀನಿ, ಭಟ್ಟ್ಯಾಗ ಸುಟ್ಟವ ನಾನು. ಬೇಕಾದ್ರ ಅವ್ವಣ್ಣ ಮಾವಗ ಕೇಳು, ಅಂವಗ ಮೊದಲಿಂದ ಗೊತ್ತದ."

ಅನುಸೂಯಾ ಅಲ್ಲಿಂದ ಹೊರಟಳು. ಅವ್ವಣ್ಣ ಇದ್ದ ಶೆಡ್ಡಿಗೆ ಹೇಗೆ ನಡೆದು ಹೋದಳೋ ಅವಳಿಗೇ ತಿಳಿಯದು. ಅವನು ಹೆಂಡತಿಯ ಮುಖ ನೋಡಿದ ಕೂಡಲೇ ಎಲ್ಲ ತಿಳಿದುಕೊಂಡ.

"ಒಡಹುಟ್ಟಿದವರು ನೀವು. ನಡುವ ಜಗಳ ಬ್ಯಾಡ ಅಂತ ಸುಮ್ಮ ಇದ್ದೆ."

"ಆ ಪೋರೀಗಿ ಬೈದು ಬಂದು ನಾ ಅತ್ತಾಗ ನೀವು ಎದುರಿಗೇ ಕುಂತಿದ್ರಿ" ಎಂದಳು ಅವಳು. "ಉಣ್ಣಾಕತ್ತಿದ್ರಿ."

ಮಾತ್ರೆಯ ಡಬ್ಬಿಯನ್ನು ಅವನ ಹಾಸಿಗೆಯ ಮೇಲಿಟ್ಟು ಮುಂದಿನ ಲೋಕಲ್ಲಿಗೇ ವಾಪಸಾದಳು. ದಾರಿಯುದ್ದಕ್ಕೂ ಕಣ್ಣಿಗೆ ಕಟ್ಟಿದ್ದು ತಮ್ಮನ ಮುಖವೂ ಅಲ್ಲ, ಗಂಡನ ಮುಖವೂ ಅಲ್ಲ. ಮೂರನೆಯ ಸಲ ಬಾಯಿ ತೆರೆದು ಸುಮ್ಮನಾದ ಆ ಹುಡುಗಿಯ ಮುಖ.

ಮರುದಿನ ಮಧ್ಯಾಹ್ನ ಹಾಸ್ಟೆಲಿನ ಗೇಟಿನಲ್ಲಿ ನಿಂತಳು. ಪೇಮಾ ಇಳಿದು ಬಂದಳು, ನಮಸ್ಕಾರ ಮಾಡಿದಳು. ಅನುಸೂಯಾ ನಡೆದದ್ದನ್ನೆಲ್ಲ ಹೇಳಿದಳು. ಕೈ ಮುಗಿದಳು. ಪೇಮಾ ಆ ಕೈಗಳನ್ನು ಹಿಡಿದು ಕೆಳಗಿಳಿಸಿದಳು.

"ಎಲ್ಲರ ಮುಂದೆ ಬೈಯುವ ಬದಲು ನನ್ನೊಬ್ಬಳನ್ನೇ ಕರೆದು ಕೇಳಿದ್ದರೆ ಸಾಕಿತ್ತು. ನೀವು ಕೇಳಲಿಲ್ಲ ದೀದಿ" ಎಂದಳು. ಧ್ವನಿಯಲ್ಲಿ ಸಿಟ್ಟಿರಲಿಲ್ಲ.

"ಊರಿಗೆ ಹೋಗಿದ್ದೆಯಾ? ಅವ್ವನಿಗೆ ಮಾಡಿಕೊಟ್ಟೆಯಾ?"

"ಇಲ್ಲ. ಬರೆದುಕೊಂಡಿದ್ದನ್ನು ನೀವು ಬೈದ ದಿನವೇ ಅಳಿಸಿದೆ. ನನ್ನ ಹತ್ತಿರ ಇರುವುದೇ ಬೇಡ ಅನ್ನಿಸಿತು."

ಮತ್ತೆ ಹೇಳುತ್ತೇನೆ, ಬರೆದುಕೋ ಎಂದಳು ಅನುಸೂಯಾ. ಪೇಮಾ ತಲೆಯಾಡಿಸಿ ಸಣ್ಣಗೆ ನಕ್ಕಳು. ಪರೀಕ್ಷೆಯಿದೆ, ಓದಬೇಕು ಎಂದು ಒಳಗೆ ಹೋದಳು. ದೀದಿ ಎಂಬ ಒಂದು ಶಬ್ದ ಅನುಸೂಯಾಳ ಎದೆಯಲ್ಲಿ ಮುಳ್ಳಿನಂತೆ ಉಳಿಯಿತು.

ಶೇಠನಿಗೂ ಅವಳೇ ಹೋಗಿ ನಿಜ ಹೇಳಿದಳು. ಅವನು ನಂಬಿದನೋ ಇಲ್ಲವೋ. "ತಮ್ಮ ಅಂದರೆ ನಿನ್ನ ಮನೆಯವನೇ ಆದ" ಎಂದಷ್ಟೇ ಅಂದ. ಕೆಲಸದಿಂದ ತೆಗೆಯಲಿಲ್ಲ. ಆದರೆ ಬೇಕರಿಯ ಬೀಗದ ಕೈಯನ್ನು ವಾಪಸು ತೆಗೆದುಕೊಂಡ. ಹದಿನಾರು ವರ್ಷ ಎಲ್ಲರಿಗಿಂತ ಮೊದಲು ಬಾಗಿಲು ತೆಗೆದವಳು ಈಗ ಬೇರೆಯವರು ಬಂದು ತೆಗೆಯುವ ತನಕ ಮೆಟ್ಟಿಲ ಮೇಲೆ ಕಾಯುತ್ತಾಳೆ.

ನಾಗರ ಪಂಚಮಿಗೆ ಮನೋಹರ ಸೀರೆ ತಂದ. ಪಂಚಮಿಗೆ ಅಣ್ಣತಮ್ಮಂದಿರು ಬಾರದ ಹೆಣ್ಣು ಅವರ ಕಡೆ ಇಲ್ಲ. ಬಂದವನನ್ನು ಹೊರಗೆ ನಿಲ್ಲಿಸಿದ ಹೆಣ್ಣೂ ಇಲ್ಲ. ಅನುಸೂಯಾ ಒಳಗೆ ಕರೆದಳು, ಚಹಾ ಕೊಟ್ಟಳು. ಅವ್ವಣ್ಣ ಇಬ್ಬರ ನಡುವೆ ಕುಳಿತು ಮಳೆಯ ಮಾತಾಡಿದ.

"ನೀನೂ ಬಾ ಅಕ್ಕಾ. ಇಬ್ಬರೂ ಕೂಡಿ ನಡಸೋಣ. ನಿನ್ನ ಹೆಸರೂ ಹಾಕಸ್ತೀನಿ."

"ನನ್ನ ಹೆಸರು ಬ್ಯಾಡ. ಹಾಸ್ಟೆಲಿಗೆ ಹೋಗು, ಆ ಹುಡುಗಿ ಮುಂದ ನಿಂತು, ನಾ ಮಾಡೀನಿ ಅಂತ ಒಂದು ಮಾತು ಹೇಳಿ ಬಾ. ಈಗಲೇ ಹೋಗು, ಹತ್ತು ಮಿನಿಟಿನ ದಾರಿ."

ಮನೋಹರ ಕಪ್ಪನ್ನು ಕೆಳಗಿಟ್ಟ. "ಅಕಿ ಯಾರಂತ ನಾ ಹೋಗ್ಲಿ? ಇನ್ನೊಂದು ವರ್ಷಕ್ಕ ತನ್ನ ದೇಶಕ್ಕ ಹೋಗಾಕಿ." ಗಾಡಿ ತಪ್ಪುತ್ತದೆ ಎಂದು ಎದ್ದ. ಸೀರೆಯ ಪ್ಯಾಕೆಟ್ಟು ಮಂಚದ ಮೇಲೆಯೇ ಇತ್ತು. ಅನುಸೂಯಾ ಅದನ್ನು ಎತ್ತಿ ಬಾಗಿಲ ತನಕ ಹೋಗಿ ಅವನ ಕೈಗಿಟ್ಟಳು.

"ಉಡು ಅಕ್ಕಾ, ಹಬ್ಬ ಅದ."

"ತಗೊಂಡು ಹೋಗು" ಎಂದಳು. ಅಷ್ಟೇ. ಕೂಗಾಡಲಿಲ್ಲ, ಶಾಪ ಹಾಕಲಿಲ್ಲ. ಅವನು ಮೆಟ್ಟಿಲಿಳಿದು ಓಣಿ ತಿರುಗುವ ತನಕವೂ ನೋಡುತ್ತ ನಿಂತಿದ್ದಳು. ಹೆತ್ತ ಮಗನಂತೆ ಸಾಕಿದ ಅಭ್ಯಾಸ ಅಷ್ಟು ಬೇಗ ಹೋಗುವುದಿಲ್ಲ.

ಒಬ್ಬಳೇ ಮೊದಲು ಬಂದು ಹೂರಣ ಕಲಸುವುದು ಬೀಗದ ಕೈಯ ಜೊತೆಗೇ ಹೋಯಿತು. ಈಗ ಆ ಬೇಕರಿಯಲ್ಲಿ ಅವಳು ಬರೀ ಉಪ್ಪಿನ ಖಾರಿ ಮಾಡುತ್ತಾಳೆ. ಹಳೆಯ ಗಿರಾಕಿಗಳು ಶೇಂಗಾದ್ದು ಯಾವಾಗ ಸಿಗುತ್ತದೆ ಎಂದು ಇನ್ನೂ ಕೇಳುತ್ತಾರೆ. ಕೆಲವರು, ಲೋಣಾವಳಾದಲ್ಲಿ ಒಬ್ಬ ಮುದುಕಿಯ ಅಂಗಡಿಯಲ್ಲಿ ಥೇಟ್ ಹಾಗೆಯೇ ಸಿಗುತ್ತದೆ ಎಂದು ಅವಳಿಗೇ ಸುದ್ದಿ ಹೇಳುತ್ತಾರೆ. ಅವಳು ಕೇಳಿಸಿಕೊಂಡು ಹಿಟ್ಟು ಮಡಿಸುತ್ತಾಳೆ.